ನರ್ಸಿಂಗ್ ಕಾಯಕ: ಯಾವ ಓದು, ಯಾರ ಕೈಕೆಳಗೆ ಕೆಲಸ?

ಪಿಯುಸಿ ಫಲಿತಾಂಶ ಪ್ರಕಟವಾದ ಮೇಲೆ ಶ್ರೀಮಠದ ಕಚೇರಿಗೆ ಬರುವ ತಂದೆತಾಯಂದಿರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಮಗಳನ್ನು ನರ್ಸಿಂಗಿಗೆ ಸೇರಿಸಬಹುದೇ?" ಈ ಸಲ ಬಂದ ತಂದೆಯೊಬ್ಬರ ಕೈಯಲ್ಲಿ ಬಣ್ಣದ ಕರಪತ್ರವೊಂದಿತ್ತು. ಆರು ತಿಂಗಳ ತರಬೇತಿ, ಬಳಿಕ ಬೆಂಗಳೂರಿನಲ್ಲಿ ನೂರಕ್ಕೆ ನೂರು ಉದ್ಯೋಗ, ಊಟ ವಸತಿ ಉಚಿತ, ಶುಲ್ಕ 40,000 ರೂಪಾಯಿ. ಅಷ್ಟು ಹಣವನ್ನು ಅವರು ಸಂಘದಲ್ಲಿ ಸಾಲವಾಗಿ ಕೇಳಿದ್ದರು, ಮಂಜೂರೂ ಆಗಿತ್ತು. ನಾವು ಕರಪತ್ರವನ್ನು ಎರಡು ಬಾರಿ ಓದಿದೆವು. 'ನರ್ಸಿಂಗ್' ಎಂಬ ಪದ ಅದರಲ್ಲಿ ಹಲವು ಕಡೆ ಇತ್ತು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಹೆಸರು ಒಂದು ಕಡೆಯೂ ಇರಲಿಲ್ಲ.

ಈ ಬರಹಕ್ಕೆ ಆ ಕರಪತ್ರವೇ ಕಾರಣ. ರೋಗಿಯ ಆರೈಕೆಯು ದೊಡ್ಡ ಕಾಯಕವೆಂಬುದನ್ನು ನಮ್ಮ ಸದ್ಭಕ್ತರಿಗೆ ಹೇಳಬೇಕಾದ ಅಗತ್ಯವಿಲ್ಲ. ವೈದ್ಯ ವೃತ್ತಿಯನ್ನೇ ಕಾಯಕವಾಗಿ ಹಿಡಿದ ವೈದ್ಯ ಸಂಗಣ್ಣನವರಂಥ ಶರಣರು ಕಲ್ಯಾಣದ ಕಾಲದಲ್ಲಿಯೇ ಇದ್ದರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ನಾಡೇ ಹೆಮ್ಮೆಪಟ್ಟಿತು. ಆದರೆ ಇಂದು ಈ ಕಾಯಕಕ್ಕೆ ಕಾಲಿಡುವವರಿಗೆ ಹೆಮ್ಮೆಯೊಂದೇ ಸಾಲದು. ಯಾವ ಓದು ಯಾವ ಬಾಗಿಲನ್ನು ತೆರೆಯುತ್ತದೆ, ನೇಮಕ ಮಾಡಿಕೊಳ್ಳುವವರು ಆಸ್ಪತ್ರೆಯವರೋ ನಡುವಿನ ಏಜೆನ್ಸಿಯವರೋ, ಏನಾದರೂ ಸಂಭವಿಸಿದರೆ ಹೊಣೆ ಯಾರದು, ಇವಿಷ್ಟನ್ನು ಮೊದಲೇ ತಿಳಿದಿರಬೇಕು.

ನರ್ಸ್ ಎಂದು ಕಾನೂನು ಗುರುತಿಸುವುದು ಬಿಳಿಯ ಸಮವಸ್ತ್ರ ತೊಟ್ಟ ಎಲ್ಲರನ್ನೂ ಅಲ್ಲ. ಮಾನ್ಯತೆ ಪಡೆದ ಕೋರ್ಸನ್ನು ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿ, ನೋಂದಣಿ ಸಂಖ್ಯೆ ಪಡೆದವರನ್ನು ಮಾತ್ರ. ದೇಶಮಟ್ಟದಲ್ಲಿ ಈ ಶಿಕ್ಷಣದ ಗುಣಮಟ್ಟವನ್ನು ಗೊತ್ತುಪಡಿಸುತ್ತ ಬಂದಿರುವುದು 1947ರ ಕಾಯ್ದೆಯಡಿ ರಚನೆಯಾದ ಭಾರತೀಯ ನರ್ಸಿಂಗ್ ಕೌನ್ಸಿಲ್. ಆ ಹಳೆಯ ಕಾಯ್ದೆಯ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಆಯೋಗದ ಹೊಸ ಕಾನೂನನ್ನು ಅಂಗೀಕರಿಸಿದೆ. ವ್ಯವಸ್ಥೆಯ ಹೆಸರು ಬದಲಾದರೂ ತತ್ವ ಬದಲಾಗದು: ನೋಂದಣಿ ಇಲ್ಲದವರು ನರ್ಸ್ ಅಲ್ಲ.

ನೋಂದಣಿಗೆ ಒಯ್ಯುವ ದಾರಿಗಳು ಮುಖ್ಯವಾಗಿ ಮೂರು. ಎರಡು ವರ್ಷಗಳ ಎಎನ್‌ಎಂ ಹೆಣ್ಣುಮಕ್ಕಳಿಗೆ ಮಾತ್ರ ಇರುವ ಕೋರ್ಸು. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಸೇರಬಹುದು. ಹಳ್ಳಿಯ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ 'ಸಿಸ್ಟರ್' ಈ ಓದನ್ನು ಓದಿದವರು. ನಮ್ಮ ರಾಜ್ಯದಲ್ಲಿ ಈಗ ಅವರ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಹೆಸರಿದೆ. ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಗಂಡು ಹೆಣ್ಣು ಇಬ್ಬರಿಗೂ ಮುಕ್ತ. ವಿಜ್ಞಾನ ಓದದವರಿಗೂ ಅವಕಾಶವಿದೆ. ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿಗೆ ಮಾತ್ರ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಕಡ್ಡಾಯ. ಸಾಮಾನ್ಯ ವರ್ಗದವರಿಗೆ ಇವುಗಳಲ್ಲಿ ಒಟ್ಟು ಶೇ. 45 ಅಂಕ ಬೇಕು. ನಮ್ಮಲ್ಲಿ ಬಹುತೇಕ ಪದವಿ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಭಕ್ತರು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಲಿ. ಓದಿಗೂ ನಂತರದ ಸರ್ಕಾರಿ ನೇಮಕಾತಿಗೂ ಅದು ನೆರವಾಗುತ್ತದೆ. ಪ್ರತಿ ವರ್ಷ ಕೊನೆಯ ದಿನ ತಹಶೀಲ್ದಾರರ ಕಚೇರಿಯ ಮುಂದೆ ನಿಂತು ಪೇಚಾಡುವವರನ್ನು ನಾವು ನೋಡುತ್ತಲೇ ಇದ್ದೇವೆ.

ಪದವಿ ಓದಿಸಲು ಶಕ್ತಿಯಿಲ್ಲದವರು ಎದೆಗುಂದಬೇಕಿಲ್ಲ. ಜಿಎನ್‌ಎಂ ಮುಗಿಸಿ ಕೆಲಸಕ್ಕೆ ಸೇರಿ, ಮುಂದೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಿದರೆ ಪದವಿ ಕೈಸೇರುತ್ತದೆ. ಅದರ ಮೇಲೆ ಎಂ.ಎಸ್‌ಸಿ. ಓದಿ ಬೋಧಕರಾಗಬಹುದು. ದುಡಿಮೆಯ ಆಸರೆ ಬೇಗ ಬೇಕಾದ ಮನೆಗಳಿಗೆ ಇದೇ ಒಳ್ಳೆಯ ಹಾದಿಯೆಂದು ನಮ್ಮ ಅಭಿಪ್ರಾಯ. ಹೆಣ್ಣುಮಕ್ಕಳಿಗೆ ಮಾತ್ರ ಈ ಕೆಲಸವೆಂಬ ಭಾವನೆಯನ್ನೂ ಬಿಡಬೇಕು. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್ ವಿಭಾಗಗಳಲ್ಲಿ ಗಂಡುಮಕ್ಕಳು ನುರಿತು ದುಡಿಯುತ್ತಿದ್ದಾರೆ.

ಕಾಲೇಜು ಆರಿಸುವಾಗ ಕಟ್ಟಡವನ್ನು ನೋಡಿ ಮರುಳಾಗಬಾರದು. ಆ ಕಾಲೇಜಿಗೆ ಸೇರಿದ ಆಸ್ಪತ್ರೆ ಎಲ್ಲಿದೆ, ಎಷ್ಟು ಹಾಸಿಗೆಗಳಿವೆ, ಅದಕ್ಕಿಂತ ಹೆಚ್ಚಾಗಿ ಹಾಸಿಗೆಯಲ್ಲಿ ರೋಗಿಗಳಿದ್ದಾರೆಯೇ ಎಂದು ಕಣ್ಣಾರೆ ನೋಡಿ ಬರಬೇಕು. ಈ ವಿದ್ಯೆ ಪುಸ್ತಕದಿಂದ ಬರುವುದು ಅರ್ಧ ಮಾತ್ರ. ರೋಗಿಯ ಬಳಿ ನಿಲ್ಲದೆ ಮೂರು ವರ್ಷ ಕಳೆದವರಿಗೆ ಪ್ರಮಾಣಪತ್ರ ಬರಬಹುದು, ಕೈಗುಣ ಬಾರದು. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕ್ಯಾಂಟೀನಿನಲ್ಲಿ ಕೂರಿಸಿ ಮಾತನಾಡಿಸಿದರೆ ಪ್ರಾಂಶುಪಾಲರು ಹೇಳದ ಸಂಗತಿಗಳೂ ತಿಳಿಯುತ್ತವೆ.

ಇನ್ನು ಏಜೆನ್ಸಿಯ ವಿಚಾರ. ಏಜೆನ್ಸಿಯ ಮೂಲಕ ದುಡಿಯುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ 'ಏಜೆನ್ಸಿ ಕೆಲಸ' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಬಗೆಯ ದುಡಿಮೆಗಳು ಸೇರಿಕೊಂಡಿವೆ. ಒಂದನ್ನು ಇನ್ನೊಂದೆಂದು ತಿಳಿದು ಸೇರಿದವರೇ ಹೆಚ್ಚು ನೊಂದಿದ್ದಾರೆ.

ಮೊದಲನೆಯದು ಆಸ್ಪತ್ರೆಯ ಹೊರಗುತ್ತಿಗೆ. ದುಡಿಯುವುದು ಆಸ್ಪತ್ರೆಯ ವಾರ್ಡಿನಲ್ಲಿ, ಆಜ್ಞೆ ಅಲ್ಲಿಯ ಮೇಲ್ವಿಚಾರಕರದು, ಸಂಬಳ ಮಾತ್ರ ಗುತ್ತಿಗೆ ಸಂಸ್ಥೆಯಿಂದ. ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಈ ಪದ್ಧತಿ ಇದೆ. ಕೋವಿಡ್ ಕಾಲದಲ್ಲಿ ಕೆಲವೇ ತಿಂಗಳ ಮಟ್ಟಿಗೆ ನೇಮಕಗೊಂಡ ಅನೇಕರು, ಜೀವವನ್ನು ಒತ್ತೆಯಿಟ್ಟು ದುಡಿದು, ಅಲೆ ಇಳಿದ ಮೇಲೆ ಮನೆಗೆ ಮರಳಬೇಕಾಯಿತು. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳ ಎಷ್ಟು ಎಂಬುದಲ್ಲ, ನೇಮಕಾತಿ ಪತ್ರದ ಮೇಲೆ ಯಾರ ಹೆಸರಿದೆ ಎಂಬುದು. ಗುತ್ತಿಗೆದಾರನು ಕೂಲಿ ಕೊಡದೆ ಕೈಬಿಟ್ಟರೆ ಕೆಲಸ ಮಾಡಿಸಿಕೊಂಡ ಮೂಲ ಉದ್ಯೋಗದಾತನೇ ಅದನ್ನು ಕೊಡಬೇಕೆಂಬ ತತ್ವ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ನಮ್ಮ ಕಾನೂನಿನಲ್ಲಿದೆ. ಆದರೆ ಪತ್ರವೇ ಇಲ್ಲದವರು ಆ ತತ್ವವನ್ನು ಯಾವ ಆಧಾರದ ಮೇಲೆ ಕೇಳಿಯಾರು?

ಪಿಎಫ್ ಮತ್ತು ಇಎಸ್‌ಐ ಬಗ್ಗೆ ಎರಡು ಮಾತು. ಪಿಎಫ್‌ಗೆಂದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12ರಷ್ಟು ಕಡಿತವಾದರೆ ಉದ್ಯೋಗದಾತರೂ ಅಷ್ಟೇ ಹಾಕಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿದ್ದು, ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬರುವುದಾದರೆ ದುಡಿಯುವವರಿಂದ ಶೇ. 0.75, ಉದ್ಯೋಗದಾತರಿಂದ ಶೇ. 3.25 ಕಟ್ಟಬೇಕು. ಸಂಬಳದ ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದೆ ಉಳಿಸಿಕೊಳ್ಳುವವರೂ ಇದ್ದಾರೆ. ಯುಎಎನ್ ಸಂಖ್ಯೆಯಿದ್ದರೆ ಮೊಬೈಲಿನಲ್ಲಿಯೇ ಪಾಸ್‌ಬುಕ್ ನೋಡಬಹುದು. ತಿಂಗಳಿಗೊಮ್ಮೆ ನೋಡುವುದು ಅಪನಂಬಿಕೆಯಲ್ಲ, ಲೆಕ್ಕ.

ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2016ರ ಜನವರಿಯಲ್ಲಿ ನ್ಯಾಯಾಲಯ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ವೇತನ ಇರಬೇಕು, 50 ಹಾಸಿಗೆಗಳಿಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಕೂಡದು ಎಂಬುದು ಆ ಸಮಿತಿಯ ಶಿಫಾರಸು. ಶಿಫಾರಸಿಗೂ ಸಂಬಳದ ದಿನಕ್ಕೂ ನಡುವೆ ಎಷ್ಟು ದೂರವಿದೆಯೆಂಬುದನ್ನು ನಮ್ಮ ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಮಕ್ಕಳೇ ಬಲ್ಲರು. ಆದರೂ ಮಾತುಕತೆಗೆ ಕೂರುವಾಗ ಈ ಅಂಕಿಗಳು ಮನಸ್ಸಿನಲ್ಲಿರಲಿ.

ಎರಡನೆಯ ಬಗೆಯೇ ಕರಪತ್ರದ ಆ 'ಉದ್ಯೋಗ': ಹೋಮ್ ನರ್ಸ್ ಬ್ಯೂರೊ. ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿಗೆ, ಪಾರ್ಶ್ವವಾಯು ಪೀಡಿತರಿಗೆ, ಬಾಣಂತಿಗೆ ಆರೈಕೆ ಮಾಡುವವರನ್ನು ಇಂಥ ಬ್ಯೂರೊಗಳು ಕಳುಹಿಸುತ್ತವೆ. ಹೆಸರು ಹೋಮ್ ನರ್ಸ್ ಎಂದಿದ್ದರೂ ಹೋಗುವವರಲ್ಲಿ ಬಹಳಷ್ಟು ಮಂದಿ ನೋಂದಾಯಿತ ನರ್ಸ್ ಆಗಿರುವುದಿಲ್ಲ, ಅಲ್ಪಾವಧಿ ತರಬೇತಿ ಪಡೆದ ಆರೈಕೆದಾರರು. ಆರೈಕೆದಾರರ ಕೆಲಸ ಕೀಳೆಂದು ನಾವು ಖಂಡಿತ ಹೇಳೆವು. ಹಾಸಿಗೆಯಲ್ಲಿರುವವರ ಮೈ ಒರೆಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿನಲ್ಲಿ ಹುಣ್ಣಾಗದಂತೆ ಕಾಯುವುದು ಎಷ್ಟು ತಾಳ್ಮೆಯ ಕೆಲಸವೆಂದು ಮನೆಯಲ್ಲಿ ಹಿರಿಯರನ್ನು ನೋಡಿಕೊಂಡವರಿಗೆ ಗೊತ್ತು. ದೋಷವಿರುವುದು ಕೆಲಸದಲ್ಲಲ್ಲ, ಅದಕ್ಕೆ ಇಟ್ಟಿರುವ ಸುಳ್ಳು ಹೆಸರಿನಲ್ಲಿ. ಆರು ತಿಂಗಳ ತರಬೇತಿ ಪಡೆದ ಹುಡುಗಿಯನ್ನು ನರ್ಸ್ ಎಂದು ಕಳುಹಿಸಿದರೆ ಮನೆಯವರು ಅವಳಿಂದ ನರ್ಸ್ ಮಾಡುವ ಕೆಲಸವನ್ನೇ ಬಯಸುತ್ತಾರೆ. ಇನ್ಸುಲಿನ್ ಕೊಡು ಎನ್ನುತ್ತಾರೆ, ಡ್ರಿಪ್ ಹಾಕು ಎನ್ನುತ್ತಾರೆ, ಮೂತ್ರದ ಕೊಳವೆ ಬದಲಿಸು ಎನ್ನುತ್ತಾರೆ. ಮೂಗಿನ ಕೊಳವೆಯಲ್ಲಿ ಗಂಜಿ ಕೊಡುವಾಗ ರೋಗಿಯ ತಲೆಯ ಕಡೆಯನ್ನು ಎತ್ತರಿಸಬೇಕೆಂಬುದು ತಿಳಿಯದೆ ಕೊಟ್ಟರೆ ಆಹಾರ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯ. ಆ ಗಳಿಗೆಯಲ್ಲಿ ಬ್ಯೂರೊ ದೂರವಾಣಿ ಎತ್ತುವುದೇ? ತಪ್ಪಿನ ಭಾರವೆಲ್ಲ ಹತ್ತೊಂಬತ್ತು ವರ್ಷದ ಹುಡುಗಿಯ ತಲೆಯ ಮೇಲೆ.

ಹಣದ ಲೆಕ್ಕವನ್ನೂ ಬಿಡಿಸಿ ಕೇಳಬೇಕು. ಮನೆಯವರು ತಿಂಗಳಿಗೆ 30,000 ರೂಪಾಯಿ ಕೊಡುತ್ತಾರೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅದು ಬ್ಯೂರೊ ಕೈಗೆ ಹೋಗುತ್ತದೆ. ಅದರಲ್ಲಿ ಕಮಿಷನ್ ಎಷ್ಟು, ಅದು ಮೊದಲ ತಿಂಗಳಿಗೆ ಮಾತ್ರವೋ ಪ್ರತಿ ತಿಂಗಳೂ ಇದೆಯೋ, ರೋಗಿ ತೀರಿಕೊಂಡು ಕೆಲಸ ನಿಂತರೆ ಮುಂದಿನ ಮನೆ ಸಿಗುವವರೆಗೆ ಉಳಿಯುವುದೆಲ್ಲಿ, ಊಟದ ಖರ್ಚು ಯಾರದು? '24 ಗಂಟೆ ಡ್ಯೂಟಿ' ಎಂದರೆ ನಿದ್ದೆ ಎಷ್ಟು ಹೊತ್ತು, ಮಲಗುವ ಸ್ಥಳ ಯಾವುದು, ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುತ್ತದೆಯೇ, ವಾರದ ರಜೆ ಇದೆಯೇ? ಮನೆಗೆಲಸವನ್ನೂ ಇವರಿಂದಲೇ ಮಾಡಿಸುವ ಕುಟುಂಬಗಳಿವೆ. ಒಪ್ಪಂದದಲ್ಲಿ ಇಲ್ಲದ್ದನ್ನು ಬೇಡವೆನ್ನುವ ಧೈರ್ಯ, ಊರಿನಿಂದ ಮೊದಲ ಬಾರಿ ಹೊರಗೆ ಕಾಲಿಟ್ಟ ಮಗುವಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಈ ಪ್ರಶ್ನೆಗಳನ್ನು ಹೊರಡುವ ಮೊದಲೇ ತಂದೆತಾಯಂದಿರು ಕೇಳಬೇಕು.

ತಾಯಂದಿರು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಇನ್ನೊಂದು ಭಯವಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ವಾಸದ ಮನೆಯೂ ಕೆಲಸದ ಸ್ಥಳವೇ. ದೂರನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬಹುದು. ಬ್ಯೂರೊದವರು "ಮನೆ ಬದಲಿಸಿ ಕೊಡುತ್ತೇವೆ, ಸುಮ್ಮನಿರು" ಎಂದರೆ ಅದು ಪರಿಹಾರವಲ್ಲ. ಮುಂದಿನ ಹುಡುಗಿ ಅದೇ ಮನೆಗೆ ಹೋಗುತ್ತಾಳೆ.

ಆರೋಗ್ಯದ ಕಾಪು ಎರಡೂ ಬಗೆಯ ಕೆಲಸಕ್ಕೆ ಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ಆರು ತಿಂಗಳ ಅವಧಿಯಲ್ಲಿ ಪಡೆಯಬೇಕು. ಕಾಯಂ ಸಿಬ್ಬಂದಿಗೆ ದೊಡ್ಡ ಆಸ್ಪತ್ರೆ ಅದನ್ನು ತಾನೇ ಹಾಕಿಸುತ್ತದೆ. ಏಜೆನ್ಸಿಯವರಿಗೆ ಯಾರು ಹಾಕಿಸುತ್ತಾರೆ? ರೋಗಿಗೆ ಬಳಸಿದ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಔಷಧವನ್ನು ಸಾಧ್ಯವಾದಷ್ಟು ಬೇಗ, ಎರಡು ಗಂಟೆಯೊಳಗಾದರೆ ಉತ್ತಮ, ತಡವಾದರೂ 72 ಗಂಟೆಯೊಳಗೆ ಆರಂಭಿಸಬೇಕು. ಹೊಣೆ ಯಾರದೆಂದು ಆಸ್ಪತ್ರೆಯೂ ಏಜೆನ್ಸಿಯೂ ಒಂದರತ್ತ ಒಂದು ಬೆರಳು ತೋರಿಸುತ್ತ ಕುಳಿತರೆ ಆ ಎರಡು ಗಂಟೆ ಅಲ್ಲಿಯೇ ಕಳೆದುಹೋಗುತ್ತದೆ. ಅಂಥ ಸಮಯದಲ್ಲಿ ಯಾರ ಅಪ್ಪಣೆಗೂ ಕಾಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು ವಿದೇಶಕ್ಕೆ ಕಳುಹಿಸುವ ಏಜೆನ್ಸಿ. ಭಕ್ತರು ಹೊಲ ಮಾರಿ ಹಣ ಕಟ್ಟುವುದು ಇಲ್ಲಿಯೇ ಆದ್ದರಿಂದ ತುಸು ವಿವರವಾಗಿ ಹೇಳುತ್ತೇವೆ. ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವರ ನೋಂದಣಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಸೇವಾ ಶುಲ್ಕವೆಂದು ಅಭ್ಯರ್ಥಿಯಿಂದ ಅವರು ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳ ಮಾತು ಬಂದ ಕೂಡಲೇ ಎದ್ದು ಬರಬೇಕು. 2015ರಲ್ಲಿ ಕೇರಳದ ಕೊಚ್ಚಿಯಲ್ಲಿ ಬಯಲಾದ ಪ್ರಕರಣವನ್ನು ನೆನೆಯಬೇಕು: ಕುವೈತಿನ ಕೆಲಸಕ್ಕೆ 19,500 ರೂಪಾಯಿ ಪಡೆಯಬೇಕಿದ್ದ ಏಜೆನ್ಸಿಯೊಂದು ಒಬ್ಬೊಬ್ಬ ನರ್ಸ್‌ನಿಂದ 19.5 ಲಕ್ಷ ವಸೂಲು ಮಾಡಿತ್ತೆಂಬ ಆರೋಪ ಅದು. ಅದೇ ವರ್ಷ ಕೇಂದ್ರ ಸರ್ಕಾರ, ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ವಲಸೆ ಅನುಮತಿಯನ್ನು ಕಡ್ಡಾಯಗೊಳಿಸಿತು. 'ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸೋಣ' ಎನ್ನುವವರ ಮಾತನ್ನು ಕೇಳಲೇಬಾರದು. ನಮ್ಮ ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಖಾಸಗಿಯವರಲ್ಲಿ ಹೋಗುವ ಮುನ್ನ ಅಲ್ಲಿ ವಿಚಾರಿಸುವುದು ಒಳಿತು.

ಕೊಲ್ಲಿ ರಾಷ್ಟ್ರಗಳು ಡೇಟಾಫ್ಲೋ ಎಂಬ ವ್ಯವಸ್ಥೆಯ ಮೂಲಕ ಅಂಕಪಟ್ಟಿ, ನೋಂದಣಿ, ಅನುಭವ ಪತ್ರಗಳನ್ನು ಅವು ಹೊರಟ ಜಾಗದಲ್ಲಿಯೇ ವಿಚಾರಿಸುತ್ತವೆ. ಹುಸಿ ಕಾಲೇಜಿನ ಪತ್ರ ಅಲ್ಲಿ ನಿಲ್ಲದು. ಬ್ರಿಟನ್ನಿನಲ್ಲಿ ಅಲ್ಲಿಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪಡೆಯಲು ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆಗಳಿವೆ. ಆ ದೇಶದ 'ಏಜೆನ್ಸಿ ನರ್ಸ್' ಎಂದರೆ ಗಂಟೆಯ ಲೆಕ್ಕದಲ್ಲಿ ಹೆಚ್ಚು ಕೂಲಿ ಪಡೆದು, ಇಂದು ಒಂದು ಆಸ್ಪತ್ರೆ, ನಾಳೆ ಇನ್ನೊಂದು ಎಂದು ದುಡಿಯುವವರು. ಇದನ್ನು ಕೇಳಿ ನಮ್ಮ ಮಕ್ಕಳು ಆಸೆಪಡುತ್ತಾರೆ. ಆದರೆ ಪ್ರಾಯೋಜಿತ ವೀಸಾದಲ್ಲಿ ಹೋದವರು ವೀಸಾ ಕೊಡಿಸಿದ ಉದ್ಯೋಗದಾತರಲ್ಲಿಯೇ ದುಡಿಯಬೇಕು. ಅಂಥ ಸ್ವಾತಂತ್ರ್ಯ ಮೊದಲ ದಿನವೇ ಸಿಗುವಂಥದ್ದಲ್ಲ. ನರ್ಸ್ ಅಲ್ಲದ ಆರೈಕೆದಾರರ ಹೊಸ ವಿದೇಶಿ ನೇಮಕವನ್ನು ಬ್ರಿಟನ್ 2025ರ ಜುಲೈನಲ್ಲಿ ನಿಲ್ಲಿಸಿದೆ. ಆ ವೀಸಾ ಕೊಡಿಸುತ್ತೇವೆಂದು ಇಂದಿಗೂ ಹಣ ಕೇಳುವವರಿದ್ದರೆ ಅದು ಮೋಸವೆಂದೇ ತಿಳಿಯಬೇಕು.

ಎಲ್ಲಿಯೇ ಹೋಗಲಿ, ಮೂಲ ಅಂಕಪಟ್ಟಿ ಮತ್ತು ನೋಂದಣಿ ಪತ್ರಗಳನ್ನು ಯಾರ ಕೈಯಲ್ಲೂ ಬಿಡಬಾರದು. ತೋರಿಸಬೇಕು, ನಕಲು ಕೊಡಬೇಕು, ಮೂಲವನ್ನು ಮರಳಿ ತರಬೇಕು. 'ಎರಡು ವರ್ಷ ಬಿಡುವಂತಿಲ್ಲ' ಎಂಬ ಬಾಂಡಿಗೆ ಸಹಿ ಹಾಕಿಸಿಕೊಂಡು ಪತ್ರಗಳನ್ನು ಬೀರುವಿನಲ್ಲಿ ಇಟ್ಟುಕೊಂಡ ಕಡೆಗಳಿಂದ ಮಕ್ಕಳನ್ನು ಬಿಡಿಸಿ ತರಲು ಎಷ್ಟು ತಂದೆಯರು ಅಲೆದಿದ್ದಾರೆಂಬುದನ್ನು ನಾವು ಕಂಡಿದ್ದೇವೆ.

ಈವರೆಗೆ ಹೇಳಿದ್ದು ದುಡಿಯಲು ಹೋಗುವವರಿಗೆ. ಮನೆಗೆ ಹೋಮ್ ನರ್ಸ್ ಕರೆಸಿಕೊಳ್ಳುವವರೂ ನಮ್ಮ ಭಕ್ತರೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ಊರಿನಲ್ಲಿ ಹಿರಿಯರನ್ನು ಬ್ಯೂರೊ ಕಳುಹಿಸಿದವರ ಕೈಗೊಪ್ಪಿಸಿರುವ ಮನೆಗಳು ಇಂದು ಕಡಿಮೆಯಿಲ್ಲ. ಅವರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮಗೆ ಬೇಕಾದವರು ನರ್ಸೋ ಆರೈಕೆದಾರರೋ ಎಂಬುದನ್ನು ವೈದ್ಯರಲ್ಲಿ ಕೇಳಿ ತೀರ್ಮಾನಿಸಿರಿ. ನರ್ಸ್ ಬೇಕಿದ್ದರೆ ನೋಂದಣಿ ಸಂಖ್ಯೆ ಕೇಳಿರಿ, ಆರೈಕೆದಾರರು ಬಂದಿದ್ದರೆ ಅವರ ಕೈಗೆ ಸಿರಿಂಜ್ ಕೊಡಬೇಡಿರಿ. ಬ್ಯೂರೊಗೆ ಕಟ್ಟುವ ಹಣದಲ್ಲಿ ಆ ಮಗುವಿಗೆ ಸೇರುವುದೆಷ್ಟೆಂದು ಒಮ್ಮೆ ವಿಚಾರಿಸಿರಿ. ರಾತ್ರಿ ನಾಲ್ಕು ಬಾರಿ ಎದ್ದವರಿಗೆ ಹಗಲು ಮಲಗಲು ಬಿಡಿರಿ. ಬಂದವರ ಜಾತಿ ಕೇಳುವ, ಅವರಿಗೆ ಬೇರೆ ತಟ್ಟೆ ಬೇರೆ ಲೋಟ ಇಡುವ ಮನೆಗಳ ಸುದ್ದಿಯೂ ನಮ್ಮ ಕಿವಿಗೆ ಬಿದ್ದಿದೆ. ಕೊರಳಲ್ಲಿ ಇಷ್ಟಲಿಂಗ ಧರಿಸಿದವರ ಮನೆಯಲ್ಲಿ ಹೀಗಾಗುತ್ತದೆಂದರೆ ಅದಕ್ಕಿಂತ ಹೆಚ್ಚು ನೋವಿನ ಸಂಗತಿ ನಮಗಿಲ್ಲ.

ಕರಪತ್ರ ತಂದ ಆ ತಂದೆಗೆ ನಾವು ಇದನ್ನೆಲ್ಲ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೂರು ವರ್ಷ ಕಾಯೋ ಶಕ್ತಿ ಇದೆಯೋ ಇಲ್ಲವೋ ಸ್ವಾಮಿ, ಅವಳ ಹಿಂದೆ ಇನ್ನೊಬ್ಬಳಿದ್ದಾಳೆ" ಎಂದರು. ಅದಕ್ಕೆ ಸುಲಭದ ಉತ್ತರ ನಮ್ಮಲ್ಲಿರಲಿಲ್ಲ. ಮಗಳು ಓದಿದ್ದು ಕಲಾ ವಿಭಾಗ, ಅಂಕ ಸಾಧಾರಣ. ಜಿಲ್ಲಾ ಕೇಂದ್ರದ ಸರ್ಕಾರಿ ಶಾಲೆಯ ಎಎನ್‌ಎಂ, ಜಿಎನ್‌ಎಂ ಎರಡಕ್ಕೂ ಅರ್ಜಿ ಹಾಕಿಸುವುದು, ವಿದ್ಯಾರ್ಥಿವೇತನ ಮತ್ತು ವಸತಿನಿಲಯಕ್ಕೆ ಪ್ರಯತ್ನಿಸುವುದು, ಸಂಘದ ಸಾಲವನ್ನು ಸದ್ಯಕ್ಕೆ ಎತ್ತದಿರುವುದು ಎಂದು ಮಾತಾಯಿತು. ಹೊರಡುವಾಗ ಮಗಳು ಕರಪತ್ರವನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋದಳು. ಅರ್ಜಿ ತುಂಬಲು ನೆರವು ಬೇಕಾದವರು ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿಗಳೊಂದಿಗೆ ಕಚೇರಿಯ ಸಮಯದಲ್ಲಿ ಶ್ರೀಮಠಕ್ಕೆ ಬರಬಹುದು.